ಹದಿನಾಲ್ಕನೇ ನಂಬರಿನ ಚೀಟಿ

“ನಾಲ್ಕನೇ ತುಂಡು ಎಲ್ಲಿ?” ಎಂದಳು ಟೀಚರ್, ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯದೆ.

ಅವಳ ಮುಂದಿನ ಮೇಜಿನ ಮೇಲೆ ಐದು ಕಾಗದದ ತುಂಡುಗಳು ಸಾಲಾಗಿದ್ದವು. ಆರು ಇರಬೇಕಿತ್ತು. ಹಿಂದಿನ ಬೆಂಚಿನ ದಪ್ಪ ಮೆಕ್ಯಾನಿಕ್ ಎರಡೂ ಜೇಬು ತಡವಿದ, ಬೆಂಚಿನ ಕೆಳಗೆ ಬಗ್ಗಿ ನೋಡಿದ, ಕೊನೆಗೆ ತನ್ನದೇ ಚಪ್ಪಲಿಗೆ ಅಂಟಿದ್ದ ತುಂಡನ್ನು ಕಿತ್ತು ಎತ್ತಿ ಹಿಡಿದ.

“ಸಿಕ್ತು ಮೇಡಂ! ತರ್ತೀನಿ!”

“ಬೇಡ, ಅಲ್ಲೇ ಕೂತ್ಕೊಳ್ಳಿ. ಅದರ ಹೊತ್ತು ಮೀರಿತು.” ಅವಳು ಉಳಿದ ತುಂಡುಗಳನ್ನು ಗಟ್ಟಿಯಾಗಿ ಓದಿದಳು. “ಲಸಿಕೆ ವ್ಯಾನು... ಬರ್ತಿದೆ... ಗೇಟು... ... ತಡೀಬೇಡಿ... ಬಿಟ್ಬಿಡಿ.”

ಎಲ್ಲರೂ ನಕ್ಕರು. ‘ತೆಗೀರಿ’ ಎಂಬ ಮಾತು ಮೆಕ್ಯಾನಿಕ್‌ನ ಕೈಯಲ್ಲೇ ಉಳಿದಿತ್ತು.

ನಗದೆ ಕೂತಿದ್ದವನು ಒಬ್ಬನೇ. ಕಿಟಕಿಯ ಪಕ್ಕದ ಬೆಂಚಿನ ತುದಿಯಲ್ಲಿ, ಎಲ್ಲರಿಗಿಂತ ಮೂವತ್ತು ವರ್ಷ ಹಿರಿಯನಾದ ಲೈನ್‌ಮನ್. ಟೆಲಿಫೋನ್ ಕೆಲಸದಿಂದ ನಿವೃತ್ತನಾಗಿ ನಾಲ್ಕು ವರ್ಷವಾಗಿದ್ದರೂ, ಈಗ ಪತ್ತೇದಾರಿ ಮಾಡಿಕೊಂಡಿದ್ದರೂ, ಜನ ಅವನನ್ನು ಕರೆಯುವುದು ಹಾಗೆಯೇ. ಆ ವಾಕ್ಯವನ್ನು ಪಾಠಕ್ಕೆಂದು ಹೇಳಿಕೊಟ್ಟವನು ಅವನೇ. ಕಳೆದ ಮಂಗಳವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಔಷಧ ಉಗ್ರಾಣದ ಗೇಟಿನ ಫೋನಿಗೆ ಯಾರೋ ಪಿಸುದನಿಯಲ್ಲಿ ಹೇಳಿದ ಮಾತು ಅದು. ಗೇಟಿನವನು ಬಾಗಿಲು ತೆಗೆದ. ನಲವತ್ತು ಪೆಟ್ಟಿಗೆ ಲಸಿಕೆಯಿದ್ದ ವ್ಯಾನು ಹೊರಗೆ ಹೋಯಿತು. ಹೋದದ್ದು ಹೋದ ಹಾಗೆಯೇ.

ಗೇಟಿನ ಫೋನಿನ ಪರದೆಯಲ್ಲಿ ಮೂಡಿದ್ದ ನಂಬರು ಹದಿನಾಲ್ಕು. ಅದು ಉಗ್ರಾಣದ ತಣ್ಣನೆ ಕೋಣೆಯ ನಂಬರು. ಅಲ್ಲಿ ಕೂರುವವಳು ಸ್ಟೋರ್‌ಕೀಪರ್. ಎಲ್ಲರ ಬಾಯಲ್ಲೂ ‘ಸ್ಟೋರಕ್ಕ’.

‘ಕರೆ ಹೋಗಿರುವುದು ತಣ್ಣನೆ ಕೋಣೆಯ ಮೇಜಿನಿಂದಲೇ. ತಂತಿ ಸುಳ್ಳು ಹೇಳುವುದಿಲ್ಲ’ ಎಂದು ಗುರುವಾರ ಉಗ್ರಾಣದವರಿಗೆ ವರದಿ ಬರೆದು ಸಹಿ ಹಾಕಿದ್ದ ಲೈನ್‌ಮನ್. ಶುಕ್ರವಾರ ಸ್ಟೋರಕ್ಕನನ್ನು ಕೆಲಸದಿಂದ ಅಮಾನತು ಮಾಡಿದರು. ನಾಳೆ ಬೆಳಗ್ಗೆ ಹತ್ತಕ್ಕೆ ವಿಚಾರಣೆ. ಅಲ್ಲಿ ಆ ವರದಿ ಓದಿದರೆ ಅವಳ ಇಪ್ಪತ್ತೆರಡು ವರ್ಷದ ಕೆಲಸವೂ ಹೋಯಿತು, ಹೆಸರೂ ಹೋಯಿತು.

ವರದಿ ಕೊಟ್ಟ ಮೇಲೆ ಅವನಿಗೆ ನಿದ್ದೆ ಹತ್ತಿರಲಿಲ್ಲ. ಕಾರಣ ಗೇಟಿನವನ ಒಂದೇ ಒಂದು ಮಾತು. “ದನಿ ಹರಕು ಹರಕಾಗಿ ಬಂತು ಸಾರ್. ದರ್ಜಿ ಕತ್ತರಿ ಹಾಕಿದ ಹಾಗೆ.”

ಮೂವತ್ತೊಂದು ವರ್ಷ ಕಂಬ ಹತ್ತಿದವನು ಅವನು. ಗೊರಗೊರ ಎನ್ನುವ ಲೈನು ಕೇಳಿದ್ದ, ದೂರದ ಬಾವಿಯಿಂದ ಬಂದಂಥ ದನಿ ಕೇಳಿದ್ದ, ಒಂದು ಲೈನಿನಲ್ಲಿ ಇನ್ನೊಂದರ ಜಗಳ ನುಗ್ಗಿದ್ದೂ ಕೇಳಿದ್ದ. ಕತ್ತರಿ ಹಾಕಿದ ದನಿ ಮಾತ್ರ ಕೇಳಿರಲಿಲ್ಲ. ಹೆಂಡತಿಯ ತಂಗಿ ಇಂಟರ್‌ನೆಟ್ ಫೋನಿನ ತರಗತಿ ನಡೆಸುತ್ತಾಳೆಂದು ಗೊತ್ತಿದ್ದೂ ಮೂರು ದಿನ ಸುಮ್ಮನಿದ್ದ. ನಾದಿನಿಯ ಮುಂದೆ ಬೆಂಚಿನ ಮೇಲೆ ಕೂರಲು ಸಂಕೋಚ. ಇವತ್ತು ಸಂಕೋಚ ಬಿಟ್ಟು ಬಂದಿದ್ದ.

ತರಗತಿ ಮುಗಿದು ಎಲ್ಲರೂ ಎದ್ದ ಮೇಲೂ ಅವನು ಕೂತೇ ಇದ್ದ.

“ಏನು ಭಾವ, ಕೊನೇ ಬೆಂಚಿನ ಹುಡುಗನಿಗೆ ಪಾಠ ತಲೆಗೆ ಹತ್ತಲಿಲ್ವಾ?” ಎಂದಳು ನಾದಿನಿ, ಬೋರ್ಡು ಒರೆಸುತ್ತ.

“ಹತ್ತಿತು. ಅದಕ್ಕೇ ಕೂತಿದ್ದೀನಿ. ಇನ್ನೊಂದು ಸಲ ಹೇಳು. ನಿಧಾನಕ್ಕೆ.”

“ಮಾತನ್ನ ಹೆಚ್ಚಿ ಹೆಚ್ಚಿ ಚೂರು ಮಾಡತ್ತೆ ಫೋನಿನ ಪೆಟ್ಟಿಗೆ. ಒಂದು ಸೆಕೆಂಡಿಗೆ ಐವತ್ತು ಚೂರು ಅಂತಿಟ್ಕೊಳ್ಳಿ. ಒಂದೊಂದು ಚೂರಿಗೂ ನಂಬರು, ಹೋಗಬೇಕಾದ ವಿಳಾಸ. ಅವು ಒಟ್ಟಿಗೆ ಹೋಗಬೇಕು ಅಂತೇನಿಲ್ಲ, ದಾರಿ ಸಿಕ್ಕ ಹಾಗೆ ಹೋಗ್ತವೆ. ಆ ಕಡೆ ಪೆಟ್ಟಿಗೆ ನಂಬರಿನ ಪ್ರಕಾರ ಜೋಡಿಸಿ ಕೇಳಿಸತ್ತೆ.”

“ತಡವಾಗಿ ಬಂದದ್ದನ್ನ ಎಸೆಯೋದ್ಯಾಕೆ? ಕಾಯಬಹುದಲ್ಲ?”

“ಕಾಗದ ಆದ್ರೆ ಕಾಯಬಹುದು. ಮಾತು ಕಾಯತ್ತಾ? ಅಕ್ಕ ಬೈತಿರೋವಾಗ ಮಧ್ಯದ ಒಂದು ಬೈಗುಳ ಹತ್ತು ನಿಮಿಷ ಬಿಟ್ಟು ಬಂದ್ರೆ ನಿಮಗೇನು ಉಪಯೋಗ?”

“ನನಗೆ ಅದೂ ಬಂದು ಸೇರತ್ತೆ,” ಎಂದ ಲೈನ್‌ಮನ್. ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. “ಹಾಗಾದ್ರೆ ಚೂರು ಕಳೆದುಹೋದಾಗ ದನಿ ಹರಕು ಹರಕಾಗಿ ಬರತ್ತೆ.”

“ಹೌದು. ಇಲ್ಲೇ ಕೇಳ್ತೀರಲ್ಲ, ನಮ್ಮ ಕ್ಲಾಸಿನ ಇಂಟರ್‌ನೆಟ್ಟು ಕುಂಟುಕಾಲಿಂದು. ಇಲ್ಲಿಂದ ಹೊರಗೆ ಫೋನ್ ಮಾಡಿದ್ರೆ ದಿನಾ ಅದೇ ಪಾಡು.”

“ಒಂದೇ ಕಟ್ಟಡದೊಳಗೆ? ತಣ್ಣನೆ ಕೋಣೆಯಿಂದ ಗೇಟಿಗೆ?”

ಅವಳ ಕೈ ಬೋರ್ಡಿನ ಮೇಲೆ ನಿಂತಿತು. “ಕಟ್ಟಡದೊಳಗೆ ದನಿ ಯಾಕೆ ಹರಕಾಗತ್ತೆ ಭಾವ? ಅಡುಗೆಮನೆಯಿಂದ ಹಜಾರಕ್ಕೆ ಬರೋರು ದಾರಿ ತಪ್ತಾರಾ?”

ಲೈನ್‌ಮನ್ ಬೆಂಚಿನಿಂದ ಮುಂದಕ್ಕೆ ಬಾಗಿದ. “ಆದರೆ ನಂಬರು? ಹದಿನಾಲ್ಕು ಅಂದರೆ ಆ ಕೋಣೆಯ ಗೋಡೆಯಿಂದ ಹೊರಟ ಜೋಡಿ ತಂತಿ. ಅದು ಹೊರಗೆ ಹೇಗೆ ಹೋಗತ್ತೆ?”

ಅವಳು ಬೋರ್ಡು ಬಿಟ್ಟು ಬಂದಳು. ಮೊದಲ ಬೆಂಚಿನ ಫೋನನ್ನು ಕಿತ್ತು, ತಂದು, ಅವನ ಪಕ್ಕದ ಗೋಡೆಯ ತೂತಿಗೆ ಸಿಕ್ಕಿಸಿದಳು. ಪರದೆ ಕಣ್ಣು ಬಿಟ್ಟಿತು. ಅಲ್ಲಿ ಐದು ಎಂದಿದ್ದದ್ದು ಇಲ್ಲೂ ಐದೇ.

“ನಂಬರು ಗೋಡೆದಲ್ಲ ಭಾವ. ಪೆಟ್ಟಿಗೆದು. ಇದನ್ನ ಬಗಲಲ್ಲಿಟ್ಕೊಂಡು ಸಮುದ್ರ ದಾಟಿ ಹೋಗಿ ಅಲ್ಲಿ ಸಿಕ್ಕಿಸಿದ್ರೂ ಇದು ಐದೇ.”

ಅವನು ಆ ಐದನ್ನು ತುಂಬ ಹೊತ್ತು ನೋಡಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹೇಳಿದ್ದಷ್ಟೇ ಆಗಿದ್ದರೆ ನಾಚಿಕೆಯಲ್ಲಿ ಮುಗಿಯುತ್ತಿತ್ತು. ಅದನ್ನು ಬರೆದು ಸಹಿ ಬೇರೆ ಹಾಕಿದ್ದ.

“ಉಗ್ರಾಣ ಎಷ್ಟು ಗಂಟೆಗೆ ಮುಚ್ಚತ್ತೆ?” ಎಂದ.

“ನಂಗೇನು ಗೊತ್ತು?”

“ಏಳಕ್ಕೆ. ಚಪ್ಪಲಿ ಹಾಕ್ಕೋ.”

* * *

ಉಗ್ರಾಣದ ಮ್ಯಾನೇಜರು ತೆಳ್ಳಗಿನ ಮನುಷ್ಯ. ಯಾವ ಮಾತನ್ನೂ ಏರಿಸದೆ ಇಳಿಸದೆ ಆಡುವವನು. ಅವರಿಬ್ಬರನ್ನೂ ತಾನೇ ತಣ್ಣನೆ ಕೋಣೆಗೆ ಕರೆದುಕೊಂಡು ಹೋದ.

ಕೋಣೆಗೆ ಹೊಸ ಬಣ್ಣದ ವಾಸನೆ ಇನ್ನೂ ಇತ್ತು. ನಾಲ್ಕನೇ ತಾರೀಖಿನವರೆಗೆ ಬಣ್ಣ ಹೊಡೆದಿದ್ದರಂತೆ. ಆಗ ಎಲ್ಲ ಕೋಣೆಗಳ ಫೋನುಗಳನ್ನೂ ಕಿತ್ತು ಒಂದು ಬುಟ್ಟಿಗೆ ಹಾಕಿ ಮೀಟಿಂಗ್ ಕೋಣೆಯಲ್ಲಿ ಇಟ್ಟಿದ್ದರು.

ಇಲ್ಲಿ ಚೀಟಿ ಇಲ್ಲದ ವಸ್ತುವೇ ಇರಲಿಲ್ಲ. ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರಿನ ತುಂಡು, ಅದರ ಮೇಲೆ ನೀಲಿ ಶಾಯಿಯಲ್ಲಿ ಸ್ಟೋರಕ್ಕನ ದುಂಡು ಅಕ್ಷರ, ಅಕ್ಷರದ ಕೆಳಗೆ ಚಿಕ್ಕದಾಗಿ ತಾರೀಖು. ಪೆಟ್ಟಿಗೆಗೆ, ಬೀರುವಿಗೆ, ಕತ್ತರಿಗೆ, ಸಕ್ಕರೆ ಡಬ್ಬಿಗೆ. ಫೋನಿಗೂ ಅಷ್ಟೇ. ಹೊಸ ಫೋನು ಬಂದಾಗ ಅದರ ಪುಟ್ಟ ಪರದೆ ತಾನೇ ನಂಬರು ತೋರಿಸುತ್ತದೆಂದು ಯಾರೂ ಗಮನಿಸಿರಲಿಲ್ಲ. ಪರದೆಯ ಮೇಲೆಯೇ ಪ್ಲಾಸ್ಟರು ಅಂಟಿಸಿ ನಂಬರು ಬರೆದಿದ್ದರು! ಯಾರ ಕರೆ ಎಂದು ನೋಡಲೇಬೇಕಾದವನು ಗೇಟಿನವನೊಬ್ಬ. ಅವನ ಫೋನಿಗೆ ಮಾತ್ರ ಅಂಟಿಸಿರಲಿಲ್ಲ.

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. “ಕನ್ನಡಿಗೆ ಸುಣ್ಣ ಬಳಿದು ಅದರ ಮೇಲೆ ಮುಖ ಬರೆದ ಹಾಗಿದೆ ಭಾವ.”

ಲೈನ್‌ಮನ್‌ಗೆ ಸ್ಟೋರಕ್ಕನ ಒಂದು ಮಾತು ನೆನಪಾಯಿತು. ಗುರುವಾರ ವಿಚಾರಿಸಲು ಬಂದಾಗ, ಕೇಳದಿದ್ದರೂ ಹೇಳಿದ್ದಳು. “ಬಣ್ಣ ಹೊಡೆದಾಗಿನಿಂದ ನನ್ನ ಫೋನು ಒಂದು ಸಲಾನೂ ಹೊಡೆದಿಲ್ಲ ಸಾರ್. ಎಲ್ಲಾರೂ ನನ್ನ ಮೇಲೆ ಸಿಟ್ಟಾಗಿದ್ದಾರೋ ಏನೋ ಅಂದ್ಕೊಂಡೆ.” ಆಗ ಅದು ಒಂಟಿ ಹೆಂಗಸಿನ ಕೊರಗು ಎನಿಸಿತ್ತು. ಬರೆದುಕೊಂಡಿರಲಿಲ್ಲ.

ಮೇಜಿನ ಮೇಲಿನ ಫೋನಿನ ಪ್ಲಾಸ್ಟರಿನಲ್ಲಿ ‘14’ ಎಂದಿತ್ತು. ಲೈನ್‌ಮನ್ ಉಗುರಿನಿಂದ ಅದರ ಮೂಲೆ ಎತ್ತಿ ಮೆಲ್ಲಗೆ ಸುಲಿದ.

ಕೆಳಗಿನ ಪರದೆಯಲ್ಲಿ ಹೊಳೆಯುತ್ತಿದ್ದ ನಂಬರು ಇಪ್ಪತ್ತೆರಡು.

“ಇಪ್ಪತ್ತೆರಡು ಯಾವುದು?” ಎಂದು ಕೇಳಿದ.

“ಮೀಟಿಂಗ್ ಕೋಣೆಯದು,” ಎಂದ ಮ್ಯಾನೇಜರು. “ಅದನ್ನು ಯಾರೂ ಬಳಸುವುದಿಲ್ಲ” ಎಂದ.

ಮೂವರೂ ಮೀಟಿಂಗ್ ಕೋಣೆಗೆ ಹೋಗಿ ನೋಡಿದರು. ಮೇಜಿನ ಮೇಲೆ ಫೋನಿರಲಿಲ್ಲ. ಅದು ಇದ್ದ ಜಾಗದಲ್ಲಿ ದೂಳಿಲ್ಲದ ಚೌಕವೊಂದಿತ್ತು. ಮತ್ತೆ ತಣ್ಣನೆ ಕೋಣೆಗೆ ಮರಳಿದರು.

“ಹದಿನಾಲ್ಕು ಈ ಕಟ್ಟಡದಲ್ಲೇ ಇಲ್ಲ,” ಎಂದ ಲೈನ್‌ಮನ್. “ಯಾರೋ ಅದನ್ನು ಹೊರಗೆ ಒಯ್ದಿದ್ದಾರೆ. ಅದರ ಜಾಗಕ್ಕೆ ಇಪ್ಪತ್ತೆರಡನ್ನು ತಂದಿಟ್ಟು ಚೀಟಿ ಅಂಟಿಸಿದ್ದಾರೆ. ಆಯಮ್ಮ ಆ ಕರೆ ಮಾಡಿಲ್ಲ.”

ಮ್ಯಾನೇಜರು ಕೈ ಚಾಚಿದ. “ಆ ಪ್ಲಾಸ್ಟರು ಕೊಡಿ.” ದೀಪದ ಕೆಳಗೆ ಹಿಡಿದು ನೋಡಿ, ತಿರುಗಿಸಿ ಅವನಿಗೇ ತೋರಿಸಿದ. “ಇದು ಯಾರ ಕೈಬರಹ ಯಜಮಾನ್ರೆ?”

ದುಂಡನೆಯ ಒಂದು, ದುಂಡನೆಯ ನಾಲ್ಕು. ನೀಲಿ ಶಾಯಿ. ಗೋಡೆಯುದ್ದಕ್ಕೂ ಇದ್ದದ್ದು ಅದೇ ಕೈ.

“ಅವರದೇ,” ಎಂದ ಲೈನ್‌ಮನ್. ಸುಳ್ಳು ಹೇಳಲು ಬರುವಂತಿರಲಿಲ್ಲ.

“ಅಂದರೆ ಫೋನು ಬದಲಾಯಿಸಿ ಚೀಟಿ ಬರೆದು ಅಂಟಿಸಿದ್ದೂ ಅವರೇ. ನೀವು ಬಿಡಿಸೋಕೆ ಬಂದ್ರಿ, ಇನ್ನೊಂದು ಗಂಟು ಹಾಕಿದ್ರಿ.” ಅವನ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. “ಗುರುವಾರ ತಂತಿ ಸುಳ್ಳು ಹೇಳಲ್ಲ ಅಂತ ಬರೆದುಕೊಟ್ಟವರೂ ನೀವೇ.”

“ತಂತಿ ಸುಳ್ಳು ಹೇಳಿಲ್ಲ ಸಾರ್. ತಂತಿನೇ ಇರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ. ನಾಳೆ ಬಂದು ಹಾಗೇ ಹೇಳ್ತೀನಿ.”

“ನಿಮಗೆ ಗೊತ್ತಿರಲಿಲ್ಲ ಅಂತ ಹತ್ತು ಜನರ ಮುಂದೆ ಹೇಳ್ತೀರಾ?”

“ಹೇಳ್ತೀನಿ.”

ಮ್ಯಾನೇಜರು ಅವನನ್ನು ಮೊದಲ ಸಲ ಸರಿಯಾಗಿ ನೋಡಿದ ಹಾಗೆ ಕಂಡಿತು.

ಲೈನ್‌ಮನ್ ಪ್ಲಾಸ್ಟರನ್ನು ಮತ್ತೆ ಕೈಗೆ ತೆಗೆದುಕೊಂಡ. ಉಳಿದ ಫೋನುಗಳ ಚೀಟಿಗಳು ವರ್ಷದಲ್ಲಿ ಹಳದಿ ತಿರುಗಿದ್ದವು. ಇದು ಹಾಲಿನಂತೆ ಬಿಳಿ. ಇನ್ನೂ ಏನೋ ಕಡಿಮೆ ಇತ್ತು. ಅವನು ಗೋಡೆ ನೋಡಿದ, ಬೀರು ನೋಡಿದ, ಸಕ್ಕರೆ ಡಬ್ಬಿ ನೋಡಿದ.

“ತಾರೀಖಿಲ್ಲ,” ಎಂದ.

“ಏನು?”

“ಸಕ್ಕರೆ ಡಬ್ಬಿಗೂ ತಾರೀಖು ಹಾಕೋ ಹೆಂಗಸು ಇದಕ್ಕೆ ಹಾಕಿಲ್ಲ. ಕೈ ಅವರದು. ಮನಸ್ಸು ಬೇರೆ ಯಾರದೋ.”

“ಮರೆತಿರಬಹುದು.”

“ಇಪ್ಪತ್ತೆರಡು ವರ್ಷದಲ್ಲಿ ಇನ್ನೊಂದು ಮರೆತಿದ್ದರೆ ತೋರಿಸಿ ಸಾರ್.”

ಮ್ಯಾನೇಜರು ಹುಡುಕಲು ಹೋಗಲಿಲ್ಲ. ಸುಮ್ಮನೆ ಕುರ್ಚಿ ಎಳೆದು ಕೂತ. “ಮುಂದೇನು?”

ಉತ್ತರ ಕೊಟ್ಟವಳು ನಾದಿನಿ. “ಒಂದೊಂದು ಫೋನೂ ಕೆಲವು ನಿಮಿಷಕ್ಕೊಂದು ಸಲ, ಕರೆ ಜೋಡಿಸೋ ನಿಮ್ಮ ಎಕ್ಸ್‌ಚೇಂಜ್ ಪೆಟ್ಟಿಗೆಗೆ ‘ನಾನು ಇಂಥಾ ವಿಳಾಸದಲ್ಲಿದ್ದೀನಿ’ ಅಂತ ಹಾಜರಿ ಹೇಳತ್ತೆ ಸಾರ್. ಹೇಳದಿದ್ರೆ ಕರೆ ಮಾಡೋಕಾಗಲ್ಲ. ಹದಿನಾಲ್ಕು ಮಂಗಳವಾರ ಎಲ್ಲಿಂದ ಹಾಜರಿ ಹೇಳಿದೆ ಅಂತ ನೋಡೋಣ. ಪಾಸ್‌ವರ್ಡ್ ಯಾರಿಗೆ ಗೊತ್ತು?”

ಮ್ಯಾನೇಜರು ಮೊದಲ ಸಲ ಮುಜುಗರಪಟ್ಟ. ಎಕ್ಸ್‌ಚೇಂಜ್ ಪೆಟ್ಟಿಗೆಯ ನೆತ್ತಿಯ ಮೇಲೆ ಪ್ಲಾಸ್ಟರು, ಪ್ಲಾಸ್ಟರಿನ ಮೇಲೆ ಪಾಸ್‌ವರ್ಡು, ಅದರ ಕೆಳಗೆ ತಾರೀಖು.

“ಬೀಗದ ಜೊತೇಲೇ ಬೀಗದ ಕೈ ನೇತುಹಾಕಿದ್ದೀರಲ್ಲ,” ಎಂದು ಗೊಣಗಿ ಅವಳು ಪರದೆಯ ಮುಂದೆ ಕೂತಳು. ಸಾಲುಗಳು ಓಡಿದವು. ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಹನ್ನೆರಡನೇ ತಾರೀಖು, ಮಂಗಳವಾರ. ಹದಿನಾಲ್ಕು ಹಾಜರಾದದ್ದು ಐದೂ ಐವತ್ತೆಂಟಕ್ಕೆ. ಕಾಣೆಯಾದದ್ದು ಆರೂಕಾಲಿಗೆ. ಪಕ್ಕದಲ್ಲಿ ಉದ್ದನೆಯ ಅಂಕಿಗಳ ಒಂದು ವಿಳಾಸ.

“ಹೊರಗಿನದು,” ಎಂದಳು. ಆ ಸಾಲನ್ನು ಕಾಗದಕ್ಕೆ ಇಳಿಸಿ, ಮಡಿಸಿ, ಲೈನ್‌ಮನ್‌ನ ಕೈಗೆ ಕೊಟ್ಟಳು. ಬೆರಳುಗಳು ತಣ್ಣಗಿದ್ದವು. ಅದು ಕೋಣೆಯ ತಂಪು ಎಂದುಕೊಂಡ ಅವನು.

* * *

ಗೇಟು ದಾಟಿ ಬೀದಿಗೆ ಬಂದ ಮೇಲೆ ಅವಳು ನಿಂತಳು.

“ಭಾವ, ಆ ವಿಳಾಸ ನನಗೆ ಬಾಯಿಪಾಠ. ಪ್ರತಿ ಬ್ಯಾಚಿನವರಿಗೂ ಮೊದಲ ದಿನ ಬರೆಸ್ತೀನಿ. ಅದು ನನ್ನ ಕ್ಲಾಸಿಂದು.”

ಲೈನ್‌ಮನ್ ಕೈಯಲ್ಲಿದ್ದ ಕಾಗದ ಬಿಡಿಸಿ ನೋಡಿದ. ಕುಂಟುಕಾಲಿನ ಇಂಟರ್‌ನೆಟ್ಟು. ಕತ್ತರಿ ಹಾಕಿದ ದನಿ. ಮಧ್ಯಾಹ್ನದಿಂದ ಅವನು ಕೂತಿದ್ದದ್ದು ಆ ಕರೆ ಹೊರಟ ಕೋಣೆಯಲ್ಲೇ.

“ಮಂಗಳವಾರ ಕ್ಲಾಸಿಗೆ ಯಾರ್ಯಾರು ಬಂದಿದ್ರು?”

“ಯಾರೂ ಇಲ್ಲ. ಪರೀಕ್ಷೆ ಕೆಲಸಕ್ಕೆ ನಾನು ಬೇರೆ ಊರಿಗೆ ಹೋಗಿದ್ದೆ. ರಜಾ ಕೊಟ್ಟಿದ್ದೆ.”

“ಬೀಗದ ಕೈ?”

“ಒಂದು ನನ್ನ ಹತ್ರ ಇತ್ತು.” ಅವಳು ನೆಲ ನೋಡಿದಳು. “ಇನ್ನೊಂದು ನಿಮ್ಮನೆ ಮೊಳೆ ಮೇಲೆ. ನಾನು ಕಳ್ಕೋತೀನಿ ಅಂತ ಅಕ್ಕ ಇಸ್ಕೊಂಡಿದ್ದಳಲ್ಲ.”

“ಇದನ್ನ ಬರೆದ್ರೆ ಮೊದಲು ನಿನ್ನ ಕ್ಲಾಸಿಗೇ ಬೀಗ ಬೀಳತ್ತೆ.”

“ಗೊತ್ತು.”

“ಬರೀಬೇಡಿ ಅಂತೀಯಾ?”

“ಬರೀರಿ ಅಂತೀನಿ. ಒಂದು ಸಲ ತಿಳೀದೆ ಬರೆದು ಆ ಹೆಂಗಸಿನ ಬದುಕು ಹಾಳು ಮಾಡಿದ್ರಿ. ಈಗ ತಿಳಿದೂ ಬರೀದೆ ಇನ್ನೊಂದು ಸಲ ಮಾಡ್ತೀರಾ?” ಎಂದು ಹೇಳಿ, ಉತ್ತರಕ್ಕೆ ಕಾಯದೆ ಬಸ್ಸಿನ ನಿಲ್ದಾಣದ ಕಡೆ ನಡೆದಳು.

ಮನೆಗೆ ಬಂದಾಗ ಏಳೂವರೆ. ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು, ಪಾತ್ರೆಗಳ ಸದ್ದು ಕೇಳುತ್ತಿತ್ತು.

“ನೀವೇನಾ?” ಒಳಗಿನಿಂದ ಹೆಂಡತಿಯ ದನಿ. ಕಣ್ಣು ಮಂಜಾದ ಮೇಲೆ ಅವಳು ಹೆಜ್ಜೆಯ ಸದ್ದಿನಿಂದಲೇ ಜನರನ್ನು ಗುರುತಿಸುತ್ತಿದ್ದಳು. “ಕೈಕಾಲು ತೊಳ್ಕೊಳ್ಳಿ, ಊಟ ಆರತ್ತೆ.”

“ನಾನೇ. ಬಂದೆ.”

ಅವನು ಮೊಳೆಯ ಹತ್ತಿರ ಹೋದ. ಕ್ಲಾಸಿನ ಬೀಗದ ಕೈ ಅಲ್ಲೇ ಇತ್ತು. ಅದಕ್ಕೆ ಬಿಳಿ ಪ್ಲಾಸ್ಟರಿನ ತುಂಡೊಂದು ಸುತ್ತಿತ್ತು. ನೀಲಿ ಶಾಯಿಯಲ್ಲಿ ದುಂಡಗೆ ‘ಕ್ಲಾಸು’ ಎಂದು ಬರೆದಿತ್ತು. ಕೆಳಗೆ ಚಿಕ್ಕದಾಗಿ ‘13’.

ಹದಿಮೂರು ಬುಧವಾರ. ವ್ಯಾನು ಹೋದ ಮಾರನೇ ದಿನ.

ಯಾರೋ ಬಾಗಿಲು ತಟ್ಟಿದರು. ತೆರೆದರೆ ಸ್ಟೋರಕ್ಕ. ಇಸ್ತ್ರಿ ಮಾಡಿದ ಸೀರೆ, ಎದೆಗೆ ಅವಚಿಕೊಂಡ ಕೈಚೀಲ. ಅಮಾನತ್ತಿನಲ್ಲೂ ಕೆಲಸಕ್ಕೆ ಹೊರಟವಳಂತೆ ಕಂಡಳು.

“ತೊಂದರೆ ಕೊಡ್ತಿದ್ದೀನಿ ಸಾರ್. ನಾಳೆ ಏನಾಗತ್ತೆ ಅಂತ ಒಂದೇ ಒಂದು ಮಾತು ಕೇಳಿ ಹೋಗೋಣ ಅಂತ.”

ಅವನು ಬೀಗದ ಕೈ ಎತ್ತಿ ಹಿಡಿದ. “ಮೊದಲು ನೀವು ಒಂದು ಮಾತು ಹೇಳಿ ಅಕ್ಕ. ಇದು ನಿಮ್ಮ ಬರಹ ಅಲ್ವಾ?”

ಅವಳು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ.

“ನಂದೇ. ಬುಧವಾರ ಕಣ್ಣಿನ ಡ್ರಾಪ್ಸ್ ಕೊಡೋಕೆ ಬಂದಾಗ ಬರೆದೆ. ಕಣ್ಣು ಕಾಣಲ್ಲ, ತಡವಿದರೆ ಗೊತ್ತಾಗೋ ಹಾಗೆ ಒಂದು ಚೀಟಿ ಸುತ್ತಿಕೊಡಿ ಅಂದ್ರು.” ಅವಳು ಸ್ವಲ್ಪ ನಕ್ಕಳು. “ನನಗೆ ಯಾರು ಏನು ಬರೀರಿ ಅಂದ್ರೂ ಬರೆದು ಕೊಡೋ ಚಟ. ಅದಕ್ಕೆ ಮುಂಚೇನೂ ಒಂದು ಬರೆಸಿಕೊಂಡಿದ್ರು. ನಮ್ಮಲ್ಲಿ ಬಣ್ಣ ಹೊಡೀತಿದ್ರಲ್ಲ, ಆವಾಗ ಡ್ರಾಪ್ಸಿಗೆ ಅಲ್ಲಿಗೇ ಬಂದು ಮೀಟಿಂಗ್ ಕೋಣೇಲಿ ಕೂತಿದ್ರು.”

“ಅದರಲ್ಲಿ ಏನು ಬರೆದ್ರಿ?”

“ಬರೀ ನಂಬರು. ಹದಿನಾಲ್ಕು. ಯಾವುದೋ ಡಬ್ಬಿಗೆ ಅಂದ್ಕೊಂಡೆ. ನಾನು ತಾರೀಖು ಹಾಕೋಕೆ ಹೋದೆ. ‘ತಾರೀಖು ಬೇಡ, ನಂಬರಷ್ಟೇ ಸಾಕು’ ಅಂದ್ರು.”

ಲೈನ್‌ಮನ್ ಬೀಗದ ಕೈಯನ್ನು ಮುಷ್ಟಿಯಲ್ಲಿ ಮುಚ್ಚಿದ. ಆದರೂ ಕೇಳಲೇಬೇಕಿತ್ತು. “ಅಂದ್ರು ಅಂದ್ರೆ ಯಾರು?”

ಸ್ಟೋರಕ್ಕ ಬಾಯಿ ತೆರೆದವಳು ಹಾಗೆಯೇ ನಿಂತಳು. ಅವಳ ಕಣ್ಣು ಅವನ ಹೆಗಲ ಮೇಲಿಂದ ಹಿಂದಕ್ಕೆ, ಅಡುಗೆಮನೆಯ ಬಾಗಿಲಿಗೆ ಹೋಯಿತು.

ಅಲ್ಲಿ ನಲ್ಲಿಯ ಸದ್ದು ನಿಂತಿತ್ತು.